ಗೆಳೆಯರೊಡನೆ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಒಂದು ದಿನ: ಎಲ್ಲವನ್ನೂ ನೋಡಬೇಕೇ, ಕೆಲವನ್ನೇ ನೋಡಬೇಕೇ?

ಹೊಂಡದ ವೃತ್ತ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಾವು ಐವರು ಗೆಳೆಯರು ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಇಡೀ ಒಂದು ದಿನ ಕಳೆದು ಬಂದೆವು. ಹೈಸ್ಕೂಲಿನ ಪ್ರವಾಸದಲ್ಲಿ ಸಾಲಾಗಿ ನಿಂತು ನೋಡಿದ್ದನ್ನು ಬಿಟ್ಟರೆ ನಮ್ಮಲ್ಲಿ ಯಾರೂ ಮತ್ತೆ ಅಲ್ಲಿಗೆ ಹೋಗಿರಲಿಲ್ಲ. ಈಗ ಎಲ್ಲರಿಗೂ ನಲವತ್ತು ದಾಟಿದೆ. ನಾನು ಬಟ್ಟೆ ವ್ಯಾಪಾರಿ. ಉಳಿದವರಲ್ಲಿ ಒಬ್ಬ ಗ್ಯಾರೇಜು ಇಟ್ಟುಕೊಂಡಿದ್ದಾನೆ, ಇನ್ನೊಬ್ಬನ ಮನೆಯವರದು ಮಂಡಕ್ಕಿ ಭಟ್ಟಿ, ಮಿಕ್ಕ ಇಬ್ಬರು ನೌಕರಿಯಲ್ಲಿದ್ದಾರೆ.

ಮಧ್ಯಾಹ್ನದವರೆಗೆ ನಾವು ಮಾಡಿದ್ದು ಬರೀ ಓಟ. ಗುಂಡಿ ಕಂಡಲ್ಲಿ ಒತ್ತಿ, ಏನಾಯಿತೆಂದು ನೋಡುವ ಮೊದಲೇ ಮುಂದಿನದಕ್ಕೆ ಹೋಗಿ, ಡೈನೋಸಾರಿನ ಪಕ್ಕದಲ್ಲಿ ಫೋಟೊ ತೆಗೆಸಿಕೊಂಡು ಮಹಡಿಗಳನ್ನು ಮುಗಿಸಿಬಿಟ್ಟೆವು. ಊಟವಾದ ಮೇಲೆ ಗ್ಯಾರೇಜಿನ ಗೆಳೆಯ ಎಂಜಿನ್ ಸಭಾಂಗಣವನ್ನು ಇನ್ನೊಮ್ಮೆ ನೋಡಲೇಬೇಕೆಂದು ಹಟ ಹಿಡಿದ. ಒಳಭಾಗ ಕಾಣುವಂತೆ ಸೀಳಿಟ್ಟ ಎಂಜಿನ್ನಿನ ಮುಂದೆ ನಿಂತು, ಪಿಸ್ಟನ್ ಕೆಳಗಿಳಿಯುವಾಗ ಯಾವ ವಾಲ್ವ್ ತೆರೆಯುತ್ತದೆ, ಕಿಡಿ ಹಾರುವುದು ಯಾವ ಗಳಿಗೆಯಲ್ಲಿ, ನಾಲ್ಕು ಹೊಡೆತಗಳಲ್ಲಿ ಒಂದೇ ಒಂದು ಹೊಡೆತ ಹೇಗೆ ಗಾಡಿಯನ್ನು ಎಳೆಯುತ್ತದೆ ಎಂಬುದನ್ನು ಅವನು ವಿವರಿಸಿದ. ಇಪ್ಪತ್ತು ವರ್ಷಗಳಿಂದ ಅವನಲ್ಲೇ ಬೈಕು ರಿಪೇರಿ ಮಾಡಿಸುತ್ತಿರುವ ನನಗೆ ಅದು ಮೊದಲ ಬಾರಿಗೆ ಅರ್ಥವಾಯಿತು. ಉಗಿ ಎಂಜಿನ್ನಿನ ಎದುರು ಮಾತು ಭಟ್ಟಿಯ ಗೆಳೆಯನದಾಯಿತು. ನೀರು ಉಗಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ ಎಂದು ನೌಕರಿಯ ಗೆಳೆಯನೊಬ್ಬ ಹೇಳಿದ್ದೇ ತಡ, "ಹಾಗಾದರೆ ನಮ್ಮ ಬಿಸಿ ಮರಳಿನಲ್ಲಿ ಒಂದೊಂದು ಕಾಳಿನೊಳಗೂ ಇದೇ ನಡೆಯುತ್ತದೆ, ಪಿಸ್ಟನ್ ಬದಲು ಅಕ್ಕಿಯೇ ಉಬ್ಬುತ್ತದೆ ಅಷ್ಟೇ" ಎಂದು ಅವನೆಂದ. ಪಕ್ಕದಲ್ಲಿದ್ದ ಅಪರಿಚಿತ ಮಕ್ಕಳೂ ಬಂದು ಕೇಳಲು ನಿಂತರು. ನಮ್ಮ ದಿನ ಶುರುವಾದದ್ದೇ ಆಗ.

ಮುಂದಿನ ಬಾರಿ ಇನ್ನೂ ನಾಲ್ವರು ಬರುವವರಿದ್ದಾರೆ. ನನ್ನ ಪ್ರಶ್ನೆ ಇಷ್ಟೇ: ಒಂದು ದಿನವಿದ್ದರೆ ಎಲ್ಲವನ್ನೂ ನೋಡಬೇಕೇ, ಎರಡು ಮೂರು ಸಭಾಂಗಣಗಳಲ್ಲೇ ಉಳಿಯಬೇಕೇ? ನಮ್ಮ ಕಡೆಯಿಂದ ಹೋಗಿಬರಬಹುದಾದ ಬೇರೆ ಜಾಗಗಳಿದ್ದರೆ ಅದನ್ನೂ ತಿಳಿಸಿ. ಭಟ್ಟಿಯ ಗೆಳೆಯನದೂ ಒಂದು ಪ್ರಶ್ನೆಯಿದೆ: ಒಂದೇ ಮರಳು, ಒಂದೇ ಉರಿ ಇದ್ದರೂ ಕೆಲವು ಕಾಳುಗಳು ಅರಳದೆ ಗಟ್ಟಿಯಾಗಿಯೇ ಉಳಿಯುವುದೇಕೆ?

ಏಳುಸುತ್ತಿನ ಕೋಟೆ (ಚಿತ್ರದುರ್ಗ)

ನನ್ನ ಅಭಿಪ್ರಾಯದಲ್ಲಿ ಎಲ್ಲವನ್ನೂ ನೋಡಬೇಕು. 260 ಕಿಲೋಮೀಟರ್ ಪ್ರಯಾಣ ಮಾಡಿ ಎರಡೇ ಕೋಣೆ ನೋಡಿ ಬಂದರೆ ಬರದೇ ಇದ್ದವರಿಗೆ ಏನೆಂದು ಹೇಳುವುದು? ಮೊದಲ ಭೇಟಿಯಲ್ಲಿ ಕಣ್ಣು ತುಂಬಿಕೊಳ್ಳಬೇಕು, ಅರ್ಥ ಆಮೇಲೆ ಬರುತ್ತದೆ.

ಹಿರಿಯೂರಿನವಳು

ಕೋಟೆಯವರ ಮಾತನ್ನು ನಾನು ಒಪ್ಪುವುದಿಲ್ಲ. ನಾವು ಆರು ಜನ ಗೆಳತಿಯರು ಎರಡು ವರ್ಷಗಳ ಹಿಂದೆ ಅಲ್ಲಿಗೇ ಹೋಗಿದ್ದೆವು. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯ ಮುಂದೆ ಒಂದೂವರೆ ಗಂಟೆ ಕಳೆದೆವು. ಉಳಿದ ದಿನದಲ್ಲಿ ಏನೇನು ನೋಡಿದೆವೋ ನನಗೀಗ ನೆನಪಿಲ್ಲ, ಆ ಒಂದೂವರೆ ಗಂಟೆ ಮಾತ್ರ ಮಾಸಿಲ್ಲ. 1903ರ ಡಿಸೆಂಬರ್ 17ರಂದು ಅದರ ಮೊದಲ ಹಾರಾಟ ನಡೆದದ್ದು 12 ಸೆಕೆಂಡು, ದೂರ 120 ಅಡಿ. ನಮ್ಮಲ್ಲೊಬ್ಬಳು ಆ 120 ಅಡಿ ಎಷ್ಟೆಂದು ತಿಳಿಯಲು ಹೊರಗೆ ಹೆಜ್ಜೆ ಹಾಕಿ ಅಳೆದಳು. ನಮ್ಮ ಬೀದಿಯ ನಾಲ್ಕೈದು ಮನೆಗಳ ಉದ್ದವೂ ಅಲ್ಲ. ಅಷ್ಟು ಚಿಕ್ಕ ಹಾರಾಟಕ್ಕೆ ಮನುಷ್ಯರು ಎಷ್ಟು ವರ್ಷ ಕಾದಿದ್ದರು ಎಂಬುದು ಅಲ್ಲಿ ನಿಂತಾಗಲೇ ಮನಸ್ಸಿಗೆ ತಟ್ಟುತ್ತದೆ.

ಹೊಂಡದ ವೃತ್ತ (ದಾವಣಗೆರೆ)

ಅಕ್ಕ, ನಮಗೂ ಅದೇ ವಿಮಾನ ಹಿಡಿಸಿತು. ನಮ್ಮ ಗ್ಯಾರೇಜಿನವನ ಕಣ್ಣು ಮೊದಲು ಹೋದದ್ದು ರೆಕ್ಕೆಯ ಮೇಲಲ್ಲ, ಚೈನಿನ ಮೇಲೆ. "ಇದು ಸೈಕಲ್ಲಿನ ಚೈನಿನ ಹಾಗೆಯೇ ಇದೆಯಲ್ಲ, ಅದರಲ್ಲಿ ಒಂದನ್ನು ಅಡ್ಡ ಹಾಯಿಸಿ ಹಾಕಿದ್ದಾರಲ್ಲ" ಎಂದು ಅವನೇ ಕೇಳಿದ. ರೈಟ್ ಸಹೋದರರು ಸೈಕಲ್ ಅಂಗಡಿ ನಡೆಸುತ್ತಿದ್ದವರು. ಒಂದೇ ಎಂಜಿನ್ನಿನಿಂದ ಎರಡು ಪ್ರೊಪೆಲ್ಲರ್‌ಗಳು ವಿರುದ್ಧ ದಿಕ್ಕಿಗೆ ತಿರುಗಲೆಂದು ಒಂದು ಚೈನನ್ನು ಎಂಟರ ಆಕಾರದಲ್ಲಿ ಹೆಣೆದಿದ್ದರು. ಆ 12 ಅಶ್ವಶಕ್ತಿಯ ಎಂಜಿನ್ನನ್ನು ಕಟ್ಟಿಕೊಟ್ಟವನೂ ಅವರ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್. ಇದನ್ನು ತಿಳಿದ ಮೇಲೆ ನಮ್ಮವನ ಮುಖ ನೋಡಬೇಕಿತ್ತು.

ಹರಿಹರದ ಸೇತುವೆ

ಗ್ಯಾರೇಜಿನವರಿಗೆ ನನ್ನ ನಮಸ್ಕಾರ ತಿಳಿಸಿ, ಚೈನು ನನ್ನ ಕಣ್ಣಿಗೆ ಎರಡು ಸಲ ಹೋದಾಗಲೂ ಬಿದ್ದಿರಲಿಲ್ಲ.

ಏಳುಸುತ್ತಿನ ಕೋಟೆ (ಚಿತ್ರದುರ್ಗ)

ರೆಕ್ಕೆಯ ವಿಷಯ ಬಂತಾದ್ದರಿಂದ ಹೇಳುತ್ತೇನೆ. ರೆಕ್ಕೆಯ ಮೇಲ್ಭಾಗ ಉಬ್ಬಿರುತ್ತದೆ. ಮೇಲಿನ ಗಾಳಿ ಹೆಚ್ಚು ದೂರ ಸಾಗಿ ಕೆಳಗಿನ ಗಾಳಿಯನ್ನು ಹಿಂದಿನ ಅಂಚಿನಲ್ಲಿ ಅದೇ ಹೊತ್ತಿಗೆ ಸೇರಬೇಕು. ಹಾಗಾಗಿ ಅದರ ವೇಗ ಹೆಚ್ಚುತ್ತದೆ, ಒತ್ತಡ ಕಡಿಮೆಯಾಗುತ್ತದೆ, ವಿಮಾನ ಮೇಲೇಳುತ್ತದೆ. ಇಷ್ಟನ್ನು ಮೊದಲೇ ತಿಳಿದು ಹೋದರೆ ಅಲ್ಲಿ ಒಂದೂವರೆ ಗಂಟೆ ನಿಲ್ಲುವ ಅಗತ್ಯ ಬೀಳುವುದಿಲ್ಲ.

ಜಗಳೂರಿನ ಮೇಷ್ಟ್ರು

ಕೋಟೆಯವರೇ, ಈ ವಿವರಣೆಯನ್ನು ನಾನೂ ಬಹಳ ವರ್ಷ ತರಗತಿಯಲ್ಲಿ ಹೇಳಿದ್ದೇನೆ, ಅದು ತಪ್ಪೆಂದು ತಿಳಿದಾಗ ನನಗೆ ತುಂಬ ನೋವಾಯಿತು. ಮೇಲೆ ಹೋದ ಗಾಳಿಯೂ ಕೆಳಗೆ ಹೋದ ಗಾಳಿಯೂ ಒಂದೇ ಹೊತ್ತಿಗೆ ಸೇರಬೇಕೆಂಬ ನಿಯಮ ಪ್ರಕೃತಿಯಲ್ಲಿಲ್ಲ. ಹೊಗೆ ಹಾಯಿಸಿ ನೋಡಿದರೆ ಮೇಲಿನ ಗಾಳಿ ಮೊದಲೇ ಹಿಂದಿನ ಅಂಚನ್ನು ದಾಟಿಬಿಡುತ್ತದೆ. ಮೇಲ್ಭಾಗದಲ್ಲಿ ವೇಗ ಹೆಚ್ಚಿ ಒತ್ತಡ ತಗ್ಗುವುದು ನಿಜ, ನೀವು ಕೊಟ್ಟ ಕಾರಣ ಮಾತ್ರ ನಿಜವಲ್ಲ. ರೆಕ್ಕೆಯು ತನ್ನ ಓರೆಯಿಂದಲೂ ಬಾಗಿನಿಂದಲೂ ಗಾಳಿಯನ್ನು ಕೆಳಕ್ಕೆ ದೂಡುತ್ತದೆ, ಗಾಳಿ ಅದನ್ನು ಮೇಲಕ್ಕೆ ಒತ್ತುತ್ತದೆ. ಒತ್ತಡದ ವ್ಯತ್ಯಾಸವೂ ಈ ದೂಡುವಿಕೆಯೂ ಒಂದೇ ಸಂಗತಿಯ ಎರಡು ಲೆಕ್ಕಗಳು. ನಿಮ್ಮ ಮಾತು ಪೂರ್ತಿ ಸರಿಯಾಗಿದ್ದರೆ ತಲೆಕೆಳಗಾಗಿ ಹಾರುವ ವಿಮಾನಗಳು ನೆಲಕ್ಕೆ ಬೀಳಬೇಕಿತ್ತು.

ಆದ್ದರಿಂದಲೇ ಅಲ್ಲಿ ಒಂದೂವರೆ ಗಂಟೆ ನಿಲ್ಲಬೇಕು. ಉತ್ತರ ತಿಳಿದಿದೆಯೆಂದುಕೊಂಡು ಹೋದವನ ಪಕ್ಕದಲ್ಲಿ ಅದನ್ನು ಒಪ್ಪದ ಒಬ್ಬ ಗೆಳೆಯನಿರಬೇಕು.

ಜೋಗಿಮಟ್ಟಿಯ ಗಾಳಿ

ಮೇಷ್ಟ್ರ ಮಾತಿಗೆ ನನ್ನ ಕೆಲಸದಿಂದ ಒಂದು ಸಾಕ್ಷಿ ಸೇರಿಸುತ್ತೇನೆ. ನಾನು ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ನಿರ್ವಹಣೆಯಲ್ಲಿದ್ದೇನೆ. ಕೆಳಗಿನಿಂದ ನೋಡುವವರಿಗೆ ಆ ಅಲಗು ನೇರವಾಗಿ ಕಾಣುತ್ತದೆ. ನೆಲದ ಮೇಲೆ ಮಲಗಿಸಿದಾಗ ನೋಡಿದರೆ ಅದು ಬುಡದಿಂದ ತುದಿಯವರೆಗೆ ತಿರುಚಿಕೊಂಡಿರುತ್ತದೆ. ತುದಿ ಬುಡಕ್ಕಿಂತ ಬಹಳ ವೇಗವಾಗಿ ಚಲಿಸುವುದರಿಂದ ಗಾಳಿ ಅದಕ್ಕೆ ಬೇರೆ ಕೋನದಲ್ಲಿ ತಾಗುತ್ತದೆ, ಅದಕ್ಕೇ ಆ ತಿರುಚು. ಬಿರುಗಾಳಿ ಬಂದಾಗ ಅಲಗಿನ ಓರೆಯನ್ನು ಬದಲಿಸುತ್ತೇವೆ, ಯಂತ್ರ ನಿಲ್ಲುತ್ತದೆ. ಅಲಗಿನ ಉಬ್ಬು ಇದ್ದ ಹಾಗೆಯೇ ಇರುತ್ತದೆ. ಉಬ್ಬೇ ಎಲ್ಲವನ್ನೂ ಮಾಡುವುದಾಗಿದ್ದರೆ ಓರೆ ಬದಲಿಸಿದ ಮಾತ್ರಕ್ಕೆ ಅದು ನಿಲ್ಲುತ್ತಿರಲಿಲ್ಲ. ಪ್ರೊಪೆಲ್ಲರ್ ಎಂದರೆ ತಿರುಗುವ ರೆಕ್ಕೆ ಎಂದು ಲೆಕ್ಕ ಹಾಕಿ ಕೆತ್ತಿದವರೂ ರೈಟ್ ಸಹೋದರರೇ. ಅದಕ್ಕೆ ಮೊದಲು 1901ರಲ್ಲಿ ಒಂದು ಚಿಕ್ಕ ಗಾಳಿಸುರಂಗ ಕಟ್ಟಿ ಸುಮಾರು 200 ಬಗೆಯ ರೆಕ್ಕೆಗಳನ್ನು ಪರೀಕ್ಷಿಸಿದ್ದರು.

ಏಳುಸುತ್ತಿನ ಕೋಟೆ (ಚಿತ್ರದುರ್ಗ)

ಇಬ್ಬರಿಗೂ ಧನ್ಯವಾದ. ನನ್ನ ವಿವರಣೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಎಲ್ಲವನ್ನೂ ನೋಡಬೇಕೆಂಬ ಅಭಿಪ್ರಾಯವನ್ನು ಇನ್ನೂ ಬಿಟ್ಟಿಲ್ಲ.

ಚಳ್ಳಕೆರೆ ಬಯಲು

ಹಾರಾಟದ ಮಾತು ಬಂದಾಗ ನಮ್ಮ ತಾಲ್ಲೂಕನ್ನು ಮರೆಯಬೇಡಿ. ಇಸ್ರೋದ ಮರುಬಳಕೆಯ ರಾಕೆಟ್ ವಾಹನ, ರೆಕ್ಕೆಗಳಿರುವ ಪುಷ್ಪಕ್, ಮೊದಲ ಸಲ ತಾನಾಗಿಯೇ ಇಳಿದದ್ದು 2023ರ ಏಪ್ರಿಲ್ 2ರಂದು ನಮ್ಮ ಚಳ್ಳಕೆರೆಯ ಬಳಿಯ ವೈಮಾನಿಕ ಪರೀಕ್ಷಾ ವಲಯದ ಓಡುದಾರಿಯಲ್ಲಿ. ಚಿನೂಕ್ ಹೆಲಿಕಾಪ್ಟರ್ ಅದನ್ನು ಸುಮಾರು 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತ್ತು. 2024ರ ಮಾರ್ಚ್ ಮತ್ತು ಜೂನ್ ತಿಂಗಳಲ್ಲಿ ಇನ್ನೆರಡು ಬಾರಿ ಇಳಿಯಿತು. ಕೊನೆಯ ಸಲ ಅದು ನೆಲ ಮುಟ್ಟಿದ ವೇಗ ಗಂಟೆಗೆ 320 ಕಿಲೋಮೀಟರ್‌ಗೂ ಹೆಚ್ಚು. ಅಲ್ಲಿಗೆ ನಮ್ಮಂಥವರಿಗೆ ಪ್ರವೇಶವಿಲ್ಲ ಎಂಬುದು ನನಗೆ ತಿಳಿದಿದೆ. ಆದರೂ ರೈಟ್ ವಿಮಾನದ ಮುಂದೆ ನಿಂತ ನಮ್ಮೂರ ಹುಡುಗರಿಗೆ ಈ ಮಾತನ್ನು ಹೇಳಿದರೆ ಅವರ ಕಣ್ಣಲ್ಲಿ ಬರುವ ಬೆಳಕೇ ಬೇರೆ.

ಮೊಳಕಾಲ್ಮೂರು ಮಗ್ಗ

ಮೂಲ ಪ್ರಶ್ನೆಗೆ ನನ್ನ ಅನುಭವದಿಂದ ಉತ್ತರಿಸುತ್ತೇನೆ. ನಾನು ರೇಷ್ಮೆ ಸೀರೆ ನೇಯುವ ಮನೆತನದವನು, ನನ್ನ ಗೆಳೆಯ ಕಂಪ್ಯೂಟರ್ ಕಲಿಸುವವನು. ನಾವಿಬ್ಬರೂ ಒಂದು ವಿಜ್ಞಾನ ಕೇಂದ್ರದ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಓಡಾಡುತ್ತಿದ್ದಾಗ ಅವನು ಸೊನ್ನೆ ಮತ್ತು ಒಂದರಿಂದ ಎಲ್ಲವನ್ನೂ ಬರೆಯಬಹುದೆಂದು ವಿವರಿಸಲು ಒದ್ದಾಡುತ್ತಿದ್ದ. ನಾನೆಂದೆ, ಇದು ನಮಗೆ ಹೊಸದಲ್ಲ. ಜಕಾರ್ಡ್ ಮಗ್ಗದಲ್ಲಿ ತೂತು ಕೊರೆದ ರಟ್ಟಿನ ಕಾರ್ಡುಗಳ ಸರಪಳಿ ಇರುತ್ತದೆ. ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ತೂತಿಲ್ಲದ ಕಡೆ ಏಳುವುದಿಲ್ಲ. ನವಿಲಾಗಲಿ ಬಳ್ಳಿಯಾಗಲಿ, ಸೆರಗಿನ ಮೇಲೆ ಮೂಡುವುದೆಲ್ಲ ಈ ಎರಡರಿಂದಲೇ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತಿಳಿದುಬಂದ ಸಂಗತಿಯೆಂದರೆ, ಫ್ರಾನ್ಸಿನಲ್ಲಿ 1804ರಲ್ಲಿ ಬಂದ ಆ ಮಗ್ಗದ ಕಾರ್ಡುಗಳನ್ನೇ, ಕಂಪ್ಯೂಟರಿನ ಮೂಲ ಕಲ್ಪನೆ ಕೊಟ್ಟ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಬಳಸಬೇಕೆಂದು ಯೋಜಿಸಿದ್ದ. ನಾನೊಬ್ಬನೇ ಹೋಗಿದ್ದರೆ ಆ ವಿಭಾಗವನ್ನು ಐದು ನಿಮಿಷದಲ್ಲಿ ದಾಟಿಬಿಡುತ್ತಿದ್ದೆ. ಅವನೊಬ್ಬನೇ ಹೋಗಿದ್ದರೆ ಮಗ್ಗ ಅವನಿಗೆ ಹೊಳೆಯುತ್ತಿರಲಿಲ್ಲ.

ಆದ್ದರಿಂದ ನನ್ನ ಸಲಹೆ: ಬೇರೆ ಬೇರೆ ಕಸುಬಿನ ಗೆಳೆಯರನ್ನು ಕರೆದುಕೊಂಡು ಹೋಗಿ. ಹೊಸದಾಗಿ ಬರುವ ನಾಲ್ವರು ಏನು ಮಾಡುವವರೆಂದು ಮೊದಲು ಕೇಳಿ, ಸಭಾಂಗಣಗಳನ್ನು ಆಮೇಲೆ ಆರಿಸಿ.

ಕುಂದವಾಡ ಕೆರೆ ದಂಡೆ

ಮಗ್ಗದವರ ಸಲಹೆ ಎಲ್ಲಕ್ಕಿಂತ ಚೆನ್ನಾಗಿದೆ. ನನ್ನದೊಂದು ದೂರು ಇದೆ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಬೇರೆ ಊರಿನ ಒಂದು ವಿಜ್ಞಾನ ಕೇಂದ್ರಕ್ಕೆ ಗೆಳತಿಯರೊಡನೆ, ಅವರ ಮಕ್ಕಳನ್ನೂ ಕರೆದುಕೊಂಡು ಹೋಗಿದ್ದೆ. ತಿರುಗುವ ಕುರ್ಚಿಯ ಮೇಲೆ ಕುಳಿತು ಕೈ ಚಾಚಿ ಮಡಚುವ ಮಾದರಿಯ ಕೆಳಗೆ "ಕೋನೀಯ ಸಂವೇಗದ ಸಂರಕ್ಷಣೆ" (ಕೈ ಮಡಚಿದಾಗ ತಿರುಗುವ ವೇಗ ಹೆಚ್ಚುವುದರ ಹಿಂದಿನ ನಿಯಮ) ಎಂದು ಬರೆದಿತ್ತು, ಇನ್ನು ಕೆಲವು ಫಲಕಗಳಲ್ಲಿ ಕನ್ನಡವೇ ಇರಲಿಲ್ಲ. ಎಂಟು ವರ್ಷದ ಹುಡುಗಿ ಆ ಮೂರು ಪದಗಳನ್ನು ಓದಿ, ಕುರ್ಚಿ ಮುಟ್ಟದೆಯೇ ಮುಂದೆ ಹೋದಳು. ಫಲಕವೇ ಮಗುವನ್ನು ದೂರ ಕಳಿಸುವುದಾದರೆ ಅದನ್ನು ಬರೆದು ಏನು ಪ್ರಯೋಜನ?

ಏಳುಸುತ್ತಿನ ಕೋಟೆ (ಚಿತ್ರದುರ್ಗ)

ಮೇಡಂ, ಪಾರಿಭಾಷಿಕ ಪದಗಳನ್ನು ಬಿಟ್ಟರೆ ಮಕ್ಕಳು ಮುಂದೆ ಪರೀಕ್ಷೆಯಲ್ಲಿ ಏನು ಬರೆಯಬೇಕು? "ಕೋನೀಯ ಸಂವೇಗ" ಎಂಬುದಕ್ಕೆ ಮನೆಮಾತಿನಲ್ಲಿ ಪದವೇ ಇಲ್ಲ.

ಜಗಳೂರಿನ ಮೇಷ್ಟ್ರು

ಪದ ಇಲ್ಲದಿರಬಹುದು, ವಸ್ತು ಇದೆ. ಬುಗುರಿ ಇದೆ. ಜೋರಾಗಿ ತಿರುಗುವ ಬುಗುರಿ ನೆಟ್ಟಗೆ ನಿಲ್ಲುತ್ತದೆ, ವೇಗ ತಗ್ಗಿದಂತೆ ತಲೆ ಆಡಿಸುತ್ತದೆ ಎಂಬುದನ್ನು ನಮ್ಮ ಹಳ್ಳಿಯ ಯಾವ ಮಗುವಿಗೂ ಹೇಳಿಕೊಡಬೇಕಾಗಿಲ್ಲ. ಕುರ್ಚಿಯ ಫಲಕದಲ್ಲಿ ಮೊದಲ ಸಾಲು ಹೀಗಿರಲಿ: "ಕೈಗಳನ್ನು ಚಾಚಿ ತಿರುಗಿ, ಆಮೇಲೆ ಎದೆಗೆ ತಂದುಕೊಳ್ಳಿ, ವೇಗ ಏನಾಯಿತು?" ಪಾರಿಭಾಷಿಕ ಪದ ಕೊನೆಯ ಸಾಲಿನಲ್ಲಿ ಬರಲಿ. ಕೈಯಲ್ಲಿ ಅನುಭವ ಬಂದ ಮೇಲೆ ಹೆಸರು ಕೊಟ್ಟರೆ ಅದು ಉಳಿಯುತ್ತದೆ. ಮೂವತ್ತು ವರ್ಷ ಪಾಠ ಹೇಳಿದ ಮೇಲೆ ಬಂದ ಈ ನಂಬಿಕೆಯನ್ನು ನಾನು ಬದಲಿಸಲಾರೆ.

ಕುಂದವಾಡ ಕೆರೆ ದಂಡೆ

ಮೇಷ್ಟ್ರೇ, ಆ ಸಾಲನ್ನು ಕಾಗದದಲ್ಲಿ ಬರೆದು ಆ ಕೇಂದ್ರದ ಅಭಿಪ್ರಾಯ ಪುಸ್ತಕಕ್ಕೆ ಅಂಟಿಸಿ ಬರುತ್ತೇನೆ.

ಹಿರಿಯೂರಿನವಳು

ವಿಶ್ವೇಶ್ವರಯ್ಯನವರ ಹೆಸರಿನ ಜಾಗದ ಬಗ್ಗೆ ಮಾತಾಡುತ್ತಿರುವುದರಿಂದ ಇದನ್ನೂ ಹೇಳಬೇಕು. ನಮ್ಮ ವಾಣಿವಿಲಾಸ ಸಾಗರವನ್ನು ಕಟ್ಟಿಸಿದವರೂ ಅವರೇ ಅಲ್ಲವೇ? 1933ರಲ್ಲಿ ತುಂಬಿದ್ದ ಆ ಜಲಾಶಯ 89 ವರ್ಷಗಳ ಮೇಲೆ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಊರಿಗೆ ಊರೇ ಹೋಗಿ ನೋಡಿತು. ವಸ್ತುಸಂಗ್ರಹಾಲಯದಲ್ಲಿ ಅದರ ಒಂದು ಮಾದರಿ ಇದ್ದರೆ ಎಷ್ಟು ಚೆನ್ನಾಗಿರುತ್ತದೆ ಎಂದು ನನಗೆ ಅನ್ನಿಸಿತು.

ಜಗಳೂರಿನ ಮೇಷ್ಟ್ರು

ತಾಯಿ, ಅದು ನಮ್ಮ ಕಡೆ ತುಂಬ ಹರಡಿರುವ ತಪ್ಪು ತಿಳಿವಳಿಕೆ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಆ ಅಣೆಕಟ್ಟು 1907ರಲ್ಲಿ ಮುಗಿದಿತ್ತು. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ. ಇದರಿಂದ ಅವರ ಹಿರಿಮೆಗೆ ಏನೂ ಕುಂದಿಲ್ಲ, ಅಣೆಕಟ್ಟು ಕಟ್ಟಿದವರ ಶ್ರಮವನ್ನು ನಾವು ಮರೆಯಬಾರದು ಅಷ್ಟೇ. ವಿಶ್ವೇಶ್ವರಯ್ಯನವರು 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅದೇ ವರ್ಷದ ಜುಲೈ 14ರಂದು ವಸ್ತುಸಂಗ್ರಹಾಲಯದ ಕಟ್ಟಡವನ್ನು ನೆಹರೂ ಉದ್ಘಾಟಿಸಿದರು, 1965ರಲ್ಲಿ ವಿದ್ಯುತ್ತಿನ ಕುರಿತ ಮೊದಲ ಸಭಾಂಗಣ ಜನರಿಗೆ ತೆರೆಯಿತು.

ಹಿರಿಯೂರಿನವಳು

ತಿದ್ದಿದ್ದಕ್ಕೆ ಧನ್ಯವಾದಗಳು. ಮಾದರಿ ಬೇಕೆಂಬ ಆಸೆ ಮಾತ್ರ ಹಾಗೆಯೇ ಇದೆ.

ಹರಿಹರದ ಸೇತುವೆ

ಬೇರೆ ಜಾಗಗಳ ಬಗ್ಗೆ ಯಾರೂ ಉತ್ತರಿಸಿಲ್ಲ. ಹರಿಹರ, ದಾವಣಗೆರೆಯವರಿಗೆ ಧಾರವಾಡ ಹತ್ತಿರ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ, ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರಬಹುದು. ಎರಡು ದಿನ ಇದ್ದವರು ಮಂಗಳೂರಿನ ಪಿಲಿಕುಳಕ್ಕೆ ಹೋಗಲಿ, ಅಲ್ಲಿ ವಿಜ್ಞಾನ ಕೇಂದ್ರದ ಜೊತೆಗೆ 2018ರಲ್ಲಿ ಆರಂಭವಾದ ತಾರಾಲಯವೂ ಇದೆ. ಪುಣೆಗೆ ಹೋಗುವ ಅವಕಾಶವಿದ್ದರೆ ಅಲ್ಲಿನ ಖಗೋಳವಿಜ್ಞಾನ ಕೇಂದ್ರ ಐಯುಕಾದಲ್ಲಿ ಫೂಕೋ ಲೋಲಕವಿದೆ, ಅಂದರೆ ಉದ್ದ ತಂತಿಗೆ ಕಟ್ಟಿ ತೂಗಲು ಬಿಟ್ಟ ಭಾರದ ಗುಂಡು. ಭೂಮಿ ತಿರುಗುವುದನ್ನು ಕಣ್ಣಾರೆ ತೋರಿಸುವ ಸಾಧನ ಅದು; ಅದು ತೂಗುವ ದಿಕ್ಕು ನಿಧಾನವಾಗಿ ತಿರುಗುತ್ತ 24 ಗಂಟೆಗೆ ಒಂದು ಸುತ್ತು ಬರುತ್ತದೆ.

ಜಗಳೂರಿನ ಮೇಷ್ಟ್ರು

ಸೇತುವೆಯವರೇ, 24 ಗಂಟೆಯ ಹತ್ತಿರ ಬರುವುದು ಧ್ರುವದಲ್ಲಿ ಮಾತ್ರ. ಸಮಭಾಜಕದ ಮೇಲೆ ಅದು ತಿರುಗುವುದೇ ಇಲ್ಲ. ನಡುವಿನ ಊರುಗಳಲ್ಲಿ 24 ಗಂಟೆಯನ್ನು ಆ ಊರಿನ ಅಕ್ಷಾಂಶದ ಸೈನ್ ಬೆಲೆಯಿಂದ (ಸಮಭಾಜಕದಲ್ಲಿ ಸೊನ್ನೆ, ಧ್ರುವದಲ್ಲಿ ಒಂದು ಆಗುವ ತ್ರಿಕೋನಮಿತಿಯ ಸಂಖ್ಯೆ) ಭಾಗಿಸಬೇಕು. 1851ರಲ್ಲಿ ಫೂಕೋ ಪ್ಯಾರಿಸ್ಸಿನಲ್ಲಿ 67 ಮೀಟರ್ ಉದ್ದದ ತಂತಿಗೆ 28 ಕಿಲೋ ಗುಂಡು ಕಟ್ಟಿ ತೋರಿಸಿದಾಗ ಒಂದು ಸುತ್ತಿಗೆ ಸುಮಾರು 32 ಗಂಟೆ ಬೇಕಾಗುತ್ತಿತ್ತು. ಪುಣೆಯಲ್ಲಿ ಸುಮಾರು 75 ಗಂಟೆ. ನಮ್ಮ ದಾವಣಗೆರೆಯ ಅಕ್ಷಾಂಶ ಹದಿನಾಲ್ಕೂವರೆ ಡಿಗ್ರಿಯ ಹತ್ತಿರ, ಅದರ ಸೈನ್ ಹೆಚ್ಚುಕಡಿಮೆ ಕಾಲು ಭಾಗ. ಹಾಗಾಗಿ ಇಲ್ಲಿ ಒಂದು ಸುತ್ತಿಗೆ ಸರಿಸುಮಾರು ನಾಲ್ಕು ದಿನ. ಇಷ್ಟು ಸುಲಭವಾದ ಲೆಕ್ಕ ಬೆಂಗಳೂರಿನವರಿಗೂ ಸಿಕ್ಕಿಲ್ಲ, ಅವರು ನಾಲ್ಕೂವರೆ ದಿನ ಕಾಯಬೇಕು.

ಏಳುಸುತ್ತಿನ ಕೋಟೆ (ಚಿತ್ರದುರ್ಗ)

ಮೇಷ್ಟ್ರೇ, ಗಂಟೆಗೆ ನಾಲ್ಕು ಡಿಗ್ರಿಗಿಂತ ಸ್ವಲ್ಪ ಕಡಿಮೆ ಎಂದಾಯಿತು. ಅಷ್ಟನ್ನು ನೋಡಲು ಒಂದು ಗಂಟೆ ಅದರ ಮುಂದೆಯೇ ಕುಳಿತಿರಬೇಕಲ್ಲ. ಸರಿ, ಈಗ ಒಪ್ಪಿದೆ: ಎಲ್ಲವನ್ನೂ ಒಂದೇ ದಿನದಲ್ಲಿ ನೋಡಲಾಗುವುದಿಲ್ಲ.

ಹೊಂಡದ ವೃತ್ತ (ದಾವಣಗೆರೆ)

ಎಲ್ಲರ ಉತ್ತರಗಳನ್ನೂ ನಮ್ಮ ಗುಂಪಿನಲ್ಲಿ ಓದಿ ಹೇಳಿದೆ. ಹೊಸದಾಗಿ ಬರುವವರಲ್ಲಿ ಒಬ್ಬರು ನರ್ಸು, ಒಬ್ಬರು ಪಂಪ್‌ಸೆಟ್ ಮೋಟಾರು ಸುತ್ತುವವರು, ಒಬ್ಬರು ಅಕ್ಕಸಾಲಿಗರು, ಇನ್ನೊಬ್ಬರು ಅಡಿಕೆ ಬೆಳೆಗಾರರು. ಮೋಟಾರು ಸುತ್ತುವವರಿದ್ದಾರೆಂಬ ಕಾರಣಕ್ಕೆ ಬೆಳಿಗ್ಗೆ ಪೂರ್ತಿ ವಿದ್ಯುತ್ ಸಭಾಂಗಣದಲ್ಲಿ, ಮಧ್ಯಾಹ್ನ ಜೈವಿಕ ತಂತ್ರಜ್ಞಾನದ ವಿಭಾಗದಲ್ಲಿ ಎಂದು ನಿರ್ಧರಿಸಿದ್ದೇವೆ. ಭಟ್ಟಿಯ ಗೆಳೆಯ ತನ್ನ ಪ್ರಶ್ನೆಯನ್ನು ಎಲ್ಲರೂ ಮರೆತರೆಂದು ಬೇಸರದಲ್ಲಿದ್ದಾನೆ.

ಜಗಳೂರಿನ ಮೇಷ್ಟ್ರು

ಮರೆತಿಲ್ಲ, ಅವರಿಗೆ ಹೀಗೆ ಹೇಳಿ. ಬಿಸಿ ಮರಳು ಸೋಕಿದಾಗ ಕಾಳಿನೊಳಗಿನ ತೇವ ಉಗಿಯಾಗುತ್ತದೆ. ಆ ಉಗಿ ಒಳಗೇ ಸಿಕ್ಕಿಕೊಂಡು ಒತ್ತಡ ಏರಬೇಕು, ಆಗ ಮೆತ್ತಗಾದ ಪಿಷ್ಟ ಒಮ್ಮೆಲೇ ಉಬ್ಬುತ್ತದೆ. ಕಾಳಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಉಗಿ ಅಲ್ಲಿಂದಲೇ ಸೋರಿಹೋಗುತ್ತದೆ. ಪಿಸ್ಟನ್ನಿನ ರಿಂಗು ಸವೆದ ಎಂಜಿನ್ ಎಳೆಯದಿರುವುದೂ ಹೀಗೆಯೇ ಎಂದು ಗ್ಯಾರೇಜಿನವರು ಹೇಳಿಯಾರು. ತೇವ ತೀರ ಕಡಿಮೆಯಾದರೆ ಉಗಿ ಸಾಲದು, ಹೆಚ್ಚಾದರೆ ಕಾಳು ಸರಿಯಾಗಿ ಅರಳುವುದಿಲ್ಲ. ಭತ್ತವನ್ನು ಮೊದಲು ಕುದಿಸಿ ಒಣಗಿಸುವುದೂ ಅದಕ್ಕೇ, ಆಗ ಒಳಗಿನ ಬಿರುಕುಗಳು ಬೆಸೆದುಕೊಳ್ಳುತ್ತವೆ.

ಹೊಂಡದ ವೃತ್ತ (ದಾವಣಗೆರೆ)

ಅವನಿಗೆ ಓದಿ ಹೇಳಿದೆ. ಈಗ ಭಟ್ಟಿಯಲ್ಲಿ ಅರಳದೆ ಉಳಿದ ಕಾಳುಗಳನ್ನು ಒಂದು ಹಿಡಿ ಆರಿಸಿ, ಬಿರುಕಿದೆಯೇ ಎಂದು ಅಕ್ಕಸಾಲಿಗರ ಭೂತಗನ್ನಡಿಯಲ್ಲಿ ನೋಡುತ್ತ ಕುಳಿತಿದ್ದಾನೆ.